ಬೀಗದ ಕೈ ಕೆಳಗಿಟ್ಟು ಮೇಲೇರುವ ಡಿಗ್ರಿ ಅಕ್ಕ

"ವಾಚು, ಬೀಗದ ಕೈ, ಕ್ಯಾಮೆರಾ ಎಲ್ಲಾ ಆ ಮೊಳೆಗೆ ನೇತು ಹಾಕಿ. ಆಮೇಲೆ ಹತ್ತಿ."

ನಸುಕಿನಲ್ಲಿ ನನ್ನ ಜೇಬು ಖಾಲಿ ಮಾಡಿಸಿದ ಮೇಲೆಯೇ ಡಿಗ್ರಿ ಅಕ್ಕ ದಾರಿ ಬಿಡುತ್ತಾರೆ. ಕಾಡಂಚಿನ ಈ ಮರದ ಗೋಪುರಕ್ಕೆ ಎಂಬತ್ತನಾಲ್ಕು ಮೆಟ್ಟಿಲು. ಐವತ್ತೆರಡರ ಅವರು ಸರಸರನೆ ಏರುತ್ತಾರೆ, ನಾನು ಏದುಸಿರು ಬಿಡುತ್ತಾ ಹಿಂದೆ. ಕಾಡಿನಲ್ಲಿ ಎಲ್ಲಿ ಬೆಂಕಿ ಬಿದ್ದಿದೆ ಎಂದು ಹೊಗೆ ನೋಡಿ ಹೇಳುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ.

ಮೇಲೆ ಮೇಜು, ನಕ್ಷೆ, ದಿಕ್ಸೂಚಿ, ಮೂಲೆಯಲ್ಲಿ ವೈರ್‌ಲೆಸ್. ಆರೂ ಹತ್ತಕ್ಕೆ ದೂರದಲ್ಲಿ ಬೂದು ಎಳೆಯೊಂದು ಏಳುತ್ತದೆ. ನಾನು ಮಂಜು ಅಂದುಕೊಳ್ಳುವಷ್ಟರಲ್ಲಿ ಅಕ್ಕ ದಿಕ್ಸೂಚಿ ಓದಿ ಮುಗಿಸಿದ್ದಾರೆ: "ಉತ್ತರದಿಂದ ಪೂರ್ವಕ್ಕೆ ಅರವತ್ತು ಡಿಗ್ರಿ."

ಇದರಿಂದ ದಿಕ್ಕು ಸಿಕ್ಕಿತು, ದೂರ ಸಿಗಲಿಲ್ಲ. ಅದಕ್ಕೆಂದೇ ನೇರ ಪೂರ್ವಕ್ಕೆ ಹತ್ತು ಕಿಲೋಮೀಟರ್ ಆಚೆ ಇನ್ನೊಂದು ಗೋಪುರವಿದೆ. ಅಲ್ಲಿರುವುದು ಅವರ ವಾರಗಿತ್ತಿ. "ನನಗೆ ನೆಟ್ಟಗೆ ಉತ್ತರಕ್ಕೆ ಕಾಣ್ತಿದೆ" ಎಂದು ವೈರ್‌ಲೆಸ್‌ನಲ್ಲಿ ಆಕೆಯ ದನಿ.

"ಉತ್ತರದಿಂದ ಅರವತ್ತಾದ್ರೆ ಪೂರ್ವದಿಂದ ಮೂವತ್ತು. ಅವಳ ಹತ್ರ ಲಂಬಕೋನ. ಟ್ಯಾನ್ ಮೂವತ್ತು ಪಾಯಿಂಟ್ ಐದು ಏಳು ಏಳು. ಹತ್ತರಿಂದ ಗುಣಿಸಿ. ಅವಳ ಗೋಪುರದಿಂದ ಉತ್ತರಕ್ಕೆ ಐದೂಮುಕ್ಕಾಲು ಕಿಲೋಮೀಟರ್," ಎಂದು ಅಕ್ಕ ನಕ್ಷೆಯ ಮೇಲೆ ಚುಕ್ಕಿ ಇಡುತ್ತಾರೆ. ಓದಿದ್ದು ಒಂಬತ್ತನೇ ಕ್ಲಾಸು. ಟ್ಯಾನ್ ಕೋಷ್ಟಕವನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಂಡು ಬಾಯಿಪಾಠ ಮಾಡಿದವರು.

"ಮನೇಲಿ ನಮ್ಮಿಬ್ರಿಗೆ ಉಪ್ಪು ಎಷ್ಟು ಅನ್ನೋದ್ರಲ್ಲೂ ಹೊಂದಲ್ಲ. ಇಲ್ಲಿ ಮಾತ್ರ ಇಬ್ರ ಗೆರೆನೂ ಒಂದೇ ಕಡೆ ಸೇರ್ಲೇಬೇಕು!"

ಮೊಳೆಯ ಕಥೆ ಕೇಳಿದೆ. ಅಕ್ಕನ ನಗು ನಿಂತಿತು. ಏಳು ವರ್ಷದ ಹಿಂದೆ ಅವರ ಸೊಂಟದಲ್ಲಿದ್ದ ಕಬ್ಬಿಣದ ಬೀಗದ ಕೈ ಗೊಂಚಲು ದಿಕ್ಸೂಚಿಯ ಮುಳ್ಳನ್ನು ನಾಲ್ಕು ಡಿಗ್ರಿ ಎಳೆದಿತ್ತು. ಹದಿನೈದು ಕಿಲೋಮೀಟರ್ ದೂರದಲ್ಲಿ ಅದು ಒಂದು ಕಿಲೋಮೀಟರಿನ ತಪ್ಪು. ಬೆಂಕಿ ಆರಿಸುವ ತಂಡ ಬೇರೆ ಕಣಿವೆಗೆ ಇಳಿಯಿತು, ಬೆಂಕಿ ಬೆನ್ನ ಹಿಂದಿನಿಂದ ಬಂತು. ತಂಡದ ಮುಂದಾಳು ಅವರ ಒಡಹುಟ್ಟಿದ ತಮ್ಮ. ಅವನ ಎಡಗೈ ಮೊಣಕೈವರೆಗೂ ಸುಟ್ಟಿತು.

"ಅವನು ಒಂದು ದಿನವೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಇವತ್ತೂ ಚುಕ್ಕಿಯ ಕಡೆ ಹೊರಟಿರುವುದು ಅದೇ ತಮ್ಮ. ಅಕ್ಕನ ಕೈ ಮತ್ತೆ ಮತ್ತೆ ಬರಿದಾದ ಸೊಂಟ ತಡವುತ್ತದೆ. ಕುರ್ಚಿ ಇದ್ದರೂ ಕೂರುವುದಿಲ್ಲ. ಐವತ್ತು ನಿಮಿಷ ನಾನೂ ವೈರ್‌ಲೆಸ್ ಮೇಲಿಂದ ಕಣ್ಣು ತೆಗೆಯುವುದಿಲ್ಲ.

ವೈರ್‌ಲೆಸ್ ಗರಗರ ಎನ್ನುತ್ತದೆ: "ಅಕ್ಕಾ, ಬೆಂಕಿ ಎದುರಿಗೇ ಇದೆ. ನೀನಿನ್ನು ಕೂತ್ಕೋ."

ಡಿಗ್ರಿ ಅಕ್ಕ ಕೂರುತ್ತಾರೆ. "ನಾನು ನಿಂತೇ ಇರ್ತೀನಿ ಅಂತ ಅವನಿಗೆ ಗೊತ್ತು," ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.