ಹಪ್ಪಳದ ಮಾಳಿಗೆಯ ಕೆಳಗಿನ ಕಾಲೇಜು

ನನ್ನ ಮಗನ ಮಗಳು ಸುಮಾ ಬರುವ ಸೋಮವಾರದಿಂದ, ನಾನು ಹಪ್ಪಳ ಒಣಗಿಸುತ್ತಿದ್ದ ಮಾಳಿಗೆಯ ಕೆಳಗೇ ಕೂತು ಬಿ.ಎ. ಓದುತ್ತಾಳೆ ನೋಡಿ! ಬೆಳಿಗ್ಗೆ ಸುದ್ದಿ ಬಂದದ್ದೇ ತಡ, ಓಣಿಯ ಮನೆಮನೆಗೂ ಸಕ್ಕರೆ ಹಂಚಿ, ಹಂಚಿದ ಮನೆಗೇ ಮರೆತು ಮತ್ತೊಮ್ಮೆ ಹೋಗಿ ನಗೆಪಾಟಲಾಗಿ ಬಂದಿದ್ದೇನೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ವಿಶ್ವವಿದ್ಯಾಲಯದ ಚರಿತ್ರೆ ಹೇಳಹೊರಟರೆ ನೀವು ನಗಬಹುದು, ನಗಿ. ಆದರೆ ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಆ ದಿಬ್ಬದಲ್ಲಿ ವಿಶ್ವವಿದ್ಯಾಲಯದವರು ಈ ಕಾಲೇಜಿಗೆ ಬುನಾದಿ ತೋಡುವಾಗ, ನಮ್ಮ ಎಮ್ಮೆ ಮೇಯುವ ಜಾಗ ಹೋಯಿತೆಂದು ಬೈದವಳೂ ನಾನೇ, ಆಮೇಲೆ ಗಾಜಿನ ಕಿಟಕಿ ನೋಡಿ ಬಾಯಿ ಬಿಟ್ಟವಳೂ ನಾನೇ. ಕೆಲವು ವರ್ಷ ಹುಡುಗ ಹುಡುಗಿಯರ ಗಲಗಲ ಇತ್ತು. ಬರಬರುತ್ತ ಮಕ್ಕಳು ಕಡಿಮೆಯಾಗಿ, ಮಾಸ್ತರರು ವರ್ಗವಾಗಿ, ಒಂದು ದಿನ ಲಾರಿ ಬಂದು ಬೆಂಚುಗಳನ್ನೂ ಹೇರಿಕೊಂಡು ಹೋಯಿತು. ಗೇಟಿಗೆ ಬೀಗ ಹಾಕಲು ಯಾರಿಗೂ ನೆನಪಾಗಲಿಲ್ಲ. ಅಷ್ಟು ವಿಶಾಲವಾದ ಮಾಳಿಗೆ, ಅಷ್ಟೊಂದು ಬಿಸಿಲು. ಸರಸ್ವತಿ ಎದ್ದು ಹೋದ ಜಾಗದಲ್ಲಿ ಅನ್ನಪೂರ್ಣೆ ಬಂದು ಕೂತರೆ ತಪ್ಪೇನು? ಬೇಸಿಗೆ ಬಂತೆಂದರೆ ನಮ್ಮ ಓಣಿಯ ಹೆಂಗಸರು ತರಗೆಲೆ ಗುಡಿಸಿ, ಮಳೆನೀರು ಇಳಿಯುವ ಕೊಳವೆಯ ಬಾಯಿ ಬಿಡಿಸಿ, ಹಳೆ ಸೀರೆ ಹಾಸಿ ಹಲಸಿನ ಹಪ್ಪಳ ಹರಡುತ್ತಿದ್ದೆವು.

ಕಟ್ಟಡ ಮತ್ತೆ ಕಾಲೇಜಿಗೆ ಯೋಗ್ಯವೋ ಎಂದು ನೋಡಲು ಅಧಿಕಾರಿಗಳು ಬರುತ್ತಾರೆಂದು ಈ ಬೇಸಿಗೆಯಲ್ಲಿ ಊರಿಗೆಲ್ಲ ಗೊತ್ತಿತ್ತು. ಇಲ್ಲಿ ಕಾಲೇಜಾಗದಿದ್ದರೆ ಸುಮಾಳ ಓದು ಪಿಯುಸಿಗೇ ಮುಗಿದಂತೆ; ದೂರದ ಹಾಸ್ಟೆಲ್ಲಿಗೆ ಕಳಿಸಲು ನನ್ನ ಮಗ ಬಸಣ್ಣ ಸುತರಾಂ ಒಪ್ಪುವವನಲ್ಲ. ಆದರೆ ಅವರು ಬರುವ ದಿನ ಯಾರಿಗೆ ಗೊತ್ತು? ಒಂದು ಮಧ್ಯಾಹ್ನ ಮಾಳಿಗೆಯ ಮೆಟ್ಟಿಲು ಹತ್ತಿ ಬಂದ ಬೂಟುಗಾಲಿನವರನ್ನು ಹಪ್ಪಳದ ವ್ಯಾಪಾರಿಗಳೆಂದು ತಿಳಿದು ಗದರಿದೆ: "ಅಲ್ಲೇ ನಿಂದರ್ರಿ! ಬೂಟು ಕಳದು ಬರ್ರಿ, ತಿನ್ನೂ ಪದಾರ್ಥ ಅದ!"

ದೊಡ್ಡ ಸಾಹೇಬರು ಪಾಪ, ಕಾಲುಚೀಲದಲ್ಲೇ ಹಪ್ಪಳಗಳ ನಡುವೆ ಕೊಕ್ಕರೆಯಂತೆ ಹೆಜ್ಜೆ ಇಟ್ಟರು. ಅಷ್ಟರಲ್ಲಿ ಸುದ್ದಿ ತಿಳಿದು ಓಡಿಬಂದ ಬಸಣ್ಣ, "ಅವ್ವಾ, ಅವರ ಅಧಿಕಾರಿಗೋಳು! ಮೊಮ್ಮಗಳ ಕಾಲೇಜ ನೀನ ಕರಿದು ತಿಂದಿ!" ಎಂದು ಹಣೆ ಚಚ್ಚಿಕೊಂಡ. ನಾನು ಗಡಿಬಿಡಿಯಲ್ಲಿ ಹಪ್ಪಳ ಬಾಚಿ ಅವರಿಗೆ ದಾರಿ ಬಿಟ್ಟೆ.

ಸಾಹೇಬರು ಕೆಳಗಿನ ಕೋಣೆಗಳನ್ನೆಲ್ಲ ತಿರುಗಾಡಿ ಬಂದು, "ಇಷ್ಟು ವರ್ಷ ಪಾಳು ಬಿದ್ದರೂ ಎಲ್ಲೂ ಸೋರಿಲ್ಲವಲ್ಲ, ಇದನ್ನು ನೋಡಿಕೊಳ್ಳುವವರು ಯಾರು?" ಎಂದರು.

"ಯಾರೂ ಇಲ್ರೀ ಸಾಹೇಬ್ರ. ಹಪ್ಪಳಕ್ಕಂತ ನಾವು ಕಸಾ ಹೊಡೀತೀವಿ, ಅಷ್ಟ."

ಅವರು ನಕ್ಕು, ಅರ್ಧ ಒಣಗಿದ ಹಪ್ಪಳವೊಂದನ್ನು ಬೇಡಿ ತಿಂದು, ಬೂಟು ಹುಡುಕಿಕೊಂಡು ಹೋದರು. ಕಟ್ಟಡ ಕಾಲೇಜಿಗೆ ಯೋಗ್ಯವೆಂದು ಅವರು ಬರೆದುಕೊಟ್ಟ ಸುದ್ದಿಯೇ ಇಂದು ಬೆಳಿಗ್ಗೆ ಬಂದದ್ದು.

ಈ ಸಂಜೆ ದೀಪ ಹಚ್ಚುತ್ತಲೇ ಮನೆಮಂದಿಯೆಲ್ಲ ಊಟಕ್ಕೆ ಕೂತೆವು. ಶಾವಿಗೆ ಪಾಯಸ, ಜೊತೆಗೆ ಅದೇ ಮಾಳಿಗೆಯ ಹಪ್ಪಳ. "ಇನ್ನ ಮುಂದ ಎಲ್ಲಿ ಒಣಗಸ್ತಿ ಆಯಿ?" ಎಂದು ಸುಮಾ ಛೇಡಿಸಿದಳು.

"ಯಾಕ, ನಿಮ್ಮ ಕಾಲೇಜಿಗೆ ಬ್ಯಾಸಗಿ ಸೂಟಿ ಇರೂದಿಲ್ಲೇನ?" ಎಂದೆ.

ಅಂದು ಹಣೆ ಚಚ್ಚಿಕೊಂಡ ಬಸಣ್ಣ, ಇನ್ನೊಂದು ಹಪ್ಪಳಕ್ಕೆ ಎಲ್ಲರಿಗಿಂತ ಮೊದಲು ತಾಟು ಮುಂದೆ ಮಾಡಿದ.