ಹಗ್ಗ ಹಿಡಿದು ಇಳಿಯುವ ಷಡ್ಡಕ

ದೀಪಾವಳಿಯ ಬೆಳಿಗ್ಗೆ, ಕಂಪ್ಲಿಯ ಅತ್ತೆ ಮನೆಯ ಅಟ್ಟದಿಂದ ಹಿತ್ತಾಳೆ ಹರಿವಾಣ ತೆಗೆಯಲು ಹತ್ತಿದ ನಾನು, ಏಣಿ ಜಾರಿ ತೊಲೆಗೆ ಜೋತುಬಿದ್ದೆ. ಉಟ್ಟಿದ್ದ ಹೊಸ ಪಂಚೆ ನನಗಿಂತ ಮೊದಲೇ ನೆಲ ಮುಟ್ಟಿತ್ತು. ಹೆಂಡತಿ, ಅವಳ ತಂಗಿ, ಅತ್ತೆ ಎಲ್ಲರೂ ಓಡಿ ಬಂದರು. ಕೊನೆಗೆ ಷಡ್ಡಕ ಪಂಪೇಶ್ ಬಂದು, ಕೂಸನ್ನು ತೊಟ್ಟಿಲಿನಿಂದ ಎತ್ತುವಂತೆ ನನ್ನನ್ನು ಎತ್ತಿ ಇಳಿಸಿದ. ಪಂಚೆಯನ್ನೂ ಅವನೇ ಮಡಚಿ ಕೊಟ್ಟ. ಬಿದ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಈ ಪಂಪೇಶನ ಉದ್ಯೋಗವೇ ಇಳಿಯುವುದು. ನೌಕಾಪಡೆಯಲ್ಲಿದ್ದಾನೆ. ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಹಡಗಿನ ಮೇಲೆ ಇಳಿಯುವುದನ್ನು ಹುಡುಗರಿಗೆ ಕಲಿಸುತ್ತಾನೆ. ನಾನು ಹೊಸಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಮೇಲಿನಿಂದ ಇಳಿದು ಬರುವ ಕಡತಗಳನ್ನು ಹಿಡಿಯುತ್ತೇನೆ. ಎರಡರಲ್ಲಿ ಯಾವ ಕಥೆ ಅತ್ತೆಗೆ ರುಚಿಸುತ್ತದೆಂದು ಹೇಳಬೇಕಾಗಿಲ್ಲ.

ಅವನದು ಮರಿಯಮ್ಮನಹಳ್ಳಿ. ಅಲ್ಲಿ ಸಮುದ್ರವೆಂದರೆ ಡ್ಯಾಮಿನ ಹಿನ್ನೀರು. ಅಪ್ಪ ಹೊನ್ನೂರಪ್ಪ ಸಂಡೂರಿನ ಅದಿರು ಹೊರುವ ಟಿಪ್ಪರ್ ಓಡಿಸುತ್ತಿದ್ದ; ಶಾಲೆಗೆ ರಜೆ ಬಂದರೆ ಮಗನೂ ಜೊತೆಗೆ ಹೋಗಿ ತಾಡಪಾಲಿನ ಹಗ್ಗ ಬಿಗಿಯುತ್ತಿದ್ದ.

ಅಭ್ಯಾಸದಲ್ಲಿ ನೆಲದ ಮೇಲೆ ಚೆನ್ನಾಗಿ ಇಳಿಯುತ್ತಿದ್ದ ಅವನ ಶಿಷ್ಯ ಹುಡುಗರು ಕಡಲಿಗೆ ಹೋದರೆ ಕಾಲು ಉಳುಕಿಸಿಕೊಳ್ಳುತ್ತಿದ್ದರಂತೆ. ಅಲೆಗೆ ಹಡಗು ಏಳುತ್ತದೆ, ವಾಲುತ್ತದೆ. ನೆಲ ಹಾಗೆ ಮಾಡುವುದಿಲ್ಲ. ಪಂಪೇಶ್ ಹಗ್ಗ ಇಳಿಬಿಟ್ಟ ಅಭ್ಯಾಸದ ಗೋಪುರದ ಕೆಳಗೆ ಟಿಪ್ಪರ್ ಒಂದನ್ನು ನಿಲ್ಲಿಸಿ, ಹುಡುಗರು ಇಳಿಯುವಾಗ ಅದರ ತೊಟ್ಟಿಯನ್ನು ಮೆಲ್ಲಗೆ ಎತ್ತಿ ಇಳಿಸಲು ಹೇಳಿದ. ಮೊದಲ ದಿನ ಡ್ರೈವರ್ ರೂಢಿಬಲದಿಂದ ಪೂರ್ತಿ ಎತ್ತಿ, ಅಷ್ಟೂ ಜನರನ್ನು ಜಲ್ಲಿಯಂತೆ ಸುರಿದನಂತೆ. ಆಮೇಲೆ ಸರಿಹೋಯಿತು. ಉಳುಕುವ ಕಾಲುಗಳು ಕಡಿಮೆಯಾದವು, ಸಾಹೇಬರು ಬೆನ್ನು ತಟ್ಟಿದರು. ಅತ್ತೆ ಕೊಟ್ರಬಸಮ್ಮ ಇದನ್ನು ಓಣಿಗೆಲ್ಲ ಹೇಳುತ್ತಾ, ಈಗೀಗ ಟಿಪ್ಪರನ್ನು ತಾವೇ ಕೊಡಿಸಿದಂತೆ ಮಾತಾಡುತ್ತಾರೆ. ನಾನೂ ದಿನಾ ಬೈಕಿನಲ್ಲಿ ಟಿಪ್ಪರುಗಳ ಹಿಂದೆಯೇ ಧೂಳು ಕುಡಿಯುತ್ತಾ ಹೋಗುತ್ತೇನೆ. ಕೆಮ್ಮು ಬಂತೇ ಹೊರತು ಇಂಥದೊಂದು ಹೊಳೆಯಲಿಲ್ಲ.

ನನಗೆ ಉಳಿದಿದ್ದುದು ಒಂದೇ: ಹಿರಿಯ ಅಳಿಯನ ಮಣೆ. ಆ ಮನೆಯಲ್ಲಿ ಹಬ್ಬದ ಆರತಿಗೆ ಮೊದಲ ಮಣೆ ಹಿರಿಯ ಅಳಿಯನಿಗೆ; ಆರತಿ, ಹೋಳಿಗೆ ಎಲ್ಲ ಅಲ್ಲಿಂದಲೇ ಶುರು. ಈ ಸಲ ಅತ್ತೆಯ ಕಣ್ಣು ಕಿರಿಯವನ ಕಡೆಗೆ ಹೊರಳುತ್ತಿರುವುದನ್ನು ಕಂಡು, ಆರತಿ ತಟ್ಟೆ ಬರುವ ಮೊದಲೇ ಹೋಗಿ ಕುಳಿತುಬಿಟ್ಟೆ.

"ಅಳಿಯಾರ, ಈ ಸಲ ಒಂದೀಟು ಆ ಕಡಿ ಸರ್ಕೊಂಡು ಕುಂದ್ರಿ," ಎಂದರು ಅತ್ತೆ. "ಪಂಪೇಶಪ್ಪ ಅಪರೂಪಕ್ಕ ಬಂದಾನ."

ನನಗೆ ಕೇಳಿಸಲಿಲ್ಲ. ಹೆಂಡತಿ ಕಣ್ಣಲ್ಲೇ ಬೈದಳು, ಅದೂ ಕಾಣಿಸಲಿಲ್ಲ. ಪಂಪೇಶ್ ಕಂಬದ ಪಕ್ಕ ಕೈಕಟ್ಟಿ ನಿಂತಿದ್ದ. ಅವನ ಬಾಯಿಂದಲೇ ನನ್ನ ಹಕ್ಕು ಹೇಳಿಸೋಣವೆನಿಸಿತು. ಪಡೆಯಲ್ಲಿರುವವನು ಹಿಡಿದ ಜಾಗ ಬಿಡಬಾರದು ಎನ್ನದೆ ಇನ್ನೇನು ಅಂದಾನು?

"ಏನಪಾ ಪಂಪೇಶ, ಹಡಗಿನ ಮ್ಯಾಲ ಮೊದಲು ಇಳಿದಾತ ಏನು ಮಾಡ್ಬೇಕಂತ ಕಲಿಸ್ತೀ ನಿನ್ನ ಹುಡುಗರಿಗೆ?"

"ಜಲ್ದಿ ಜಾಗ ಬಿಡ್ಬೇಕ್ರಿ ಅಣ್ಣಾರ," ಎಂದ ಅವನು, ಮುಖದ ಒಂದು ಗೆರೆಯೂ ಅಲುಗದೆ. "ಹಿಂದ ಇಳಿಯೋರು ಇರ್ತಾರ."