ಕಣ್ಣು ಬಿಡಿಸುವ ಕೆಲಸ

ನಾನು ಕ್ಯಾಮೆರಾ ಹಿಡಿದ ಐದು ಸಿನಿಮಾಗಳಲ್ಲಿ ಯಾರೂ ನೇರವಾಗಿ ನೋಡುವುದಿಲ್ಲ. ನಾಯಕ ಅಳುತ್ತಿದ್ದಾನೆ ಎಂಬುದು ಅವನ ಭುಜದಿಂದ ಗೊತ್ತಾಗುತ್ತದೆ. ನಾಯಕಿ ಕಿಟಕಿಯ ಪಕ್ಕ ನಿಂತರೆ ಬೆಳಕು ಅವಳ ಕೆನ್ನೆಯವರೆಗೆ ಬಂದು ನಿಲ್ಲುತ್ತದೆ, ಕಣ್ಣಿಗೆ ಏರುವುದಿಲ್ಲ. ಇದಕ್ಕೆ ಬಲ್ಲವರು ಶೈಲಿ ಎಂದು ಹೆಸರಿಟ್ಟಿದ್ದಾರೆ. ಪಾತ್ರಗಳ ಮರ್ಯಾದೆ ಕಾಯುವ ಕ್ಯಾಮೆರಾ ಎಂದು ಒಬ್ಬರು ಪತ್ರಿಕೆಯಲ್ಲಿ ಬರೆದರು. ಓದಿ ನಗು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನಾನು ಬಾಯಿ ಬಿಡುವ ಮೊದಲೇ ಜನ ನೆಲ ಡೊಂಕು ಅಂತ ಒಪ್ಪಿಕೊಂಡುಬಿಟ್ಟಿದ್ದಾರೆ.

ಹೋದ ವರ್ಷ ಮೈಸೂರಿನ ಒಂದು ಕಾಲೇಜಿನವರು ಮಾತಾಡಲು ಕರೆದಿದ್ದರು. ಒಬ್ಬ ಹುಡುಗಿ ಎದ್ದು, 'ಸರ್, ನಿಮ್ಮ ಶೈಲೀನ ಹೇಗೆ ಕಂಡುಕೊಂಡ್ರಿ?' ಎಂದು ಕೇಳಿದಳು. ದಿನಾ ಬೆಳಕನ್ನು ಗಮನಿಸಿ, ಬೇರೆಯವರನ್ನು ಬೇಸರ ಬರುವವರೆಗೆ ನಕಲು ಮಾಡಿ, ನಕಲು ಮಾಡಲಾಗದೆ ಉಳಿಯುವುದೇ ನಿಮ್ಮದು ಎಂದೆಲ್ಲ ಹೇಳಿದೆ. ಸುಳ್ಳೇನಲ್ಲ. ಚಪ್ಪಾಳೆಯೂ ಬಿತ್ತು. ಆದರೆ ನನ್ನದು ಹಾಗೆ ಬಂದದ್ದಲ್ಲ. ಹಾಗೆ ಬಂದದ್ದಲ್ಲ ಎಂದು ಹೇಳಿಕೊಳ್ಳಲು ಒಬ್ಬರಾದರೂ ಬೇಕಲ್ಲ. ರೂಮಿಗೆ ಬಂದು ಪಾರ್ಸೆಲ್ ತಂದ ಚಿತ್ರಾನ್ನ ತಿಂದು ಮಲಗಿದೆ.

ನಾನು ಬೆಳಕು ಕಲಿತದ್ದು ಕೊಳ್ಳೇಗಾಲದ ಒಂದು ಫೋಟೊ ಸ್ಟುಡಿಯೊದಲ್ಲಿ. ಡಿಗ್ರಿ ಮುಗಿಸಿ, ಕಂಪ್ಯೂಟರ್ ಕಲಿತು, ಬೇರೆಲ್ಲೂ ಕೆಲಸ ಸಿಗದೆ ಅಲ್ಲಿ ಸೇರಿಕೊಂಡಿದ್ದೆ. ಯಜಮಾನರಿಗೆ ಐವತ್ತು ದಾಟಿತ್ತು. ಬಾಯಿ ತುಂಬ ಎಲೆಅಡಿಕೆ, ಮೂಗಿನ ತುದಿಯಲ್ಲಿ ಸಿಟ್ಟು. ಮದುವೆ, ನಾಮಕರಣ ಎಲ್ಲ ಇದ್ದರೂ ನನ್ನನ್ನು ಅವರು ಮೊದಲು ಕರೆದುಕೊಂಡು ಹೋದದ್ದು ಧನಗೆರೆಯ ಒಂದು ಸಾವಿನ ಮನೆಗೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸತ್ತವರನ್ನು ಬಾಗಿಲ ಮುಂದೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಗದ್ದ ಜೋತು ಬೀಳದಂತೆ ತಲೆಯ ಸುತ್ತ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಅಕ್ಕಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇಡೀ ಸಂಸಾರ ಒಟ್ಟಿಗಿರುವ ಫೋಟೊ ಅದೊಂದೇ ಆಗಿರುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆವತ್ತು ನಡುಹಗಲು. ಚಪ್ಪರದ ಗರಿಯ ನೆರಳು ಆ ಮುದುಕರ ಮುಖದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ನಾನು ಕ್ಯಾಮೆರಾ ಹಿಡಿದು ಸುಮ್ಮನೆ ನಿಂತದ್ದನ್ನು ನೋಡಿ ಯಜಮಾನರು ಕಿವಿಯ ಹತ್ತಿರ ಬಂದು ಗದರಿದರು.

'ಮದ್ವೆ ಎಣ್ಗೆ ವಸಿ ಈ ಕಡೆ ತಿರುಗವ್ವ ಅನ್ಬೋದು. ಇವ್ರಿಗೆ ಏನಂದೀಯ? ನೀನೇ ತಿರುಗ್ಬೇಕು ಕಣ್ಲಾ.'

ನಾನೇ ತಿರುಗಿದೆ. ಎರಡು ಹೆಜ್ಜೆ ಬಲಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತಾಗ ಮುಖ ಒಂದೇ ಬೆಳಕಿಗೆ ಬಂತು. ಆಮೇಲೆ ದೊಡ್ಡ ದೊಡ್ಡ ಕ್ಯಾಮೆರಾಮನ್‌ಗಳ ಕೈಕೆಳಗೆ ಕೆಲಸ ಮಾಡಿದೆ. ಅವರಲ್ಲಿ ಯಾರೂ ಇದಕ್ಕಿಂತ ದೊಡ್ಡ ಪಾಠ ಹೇಳಿಕೊಟ್ಟದ್ದು ನೆನಪಿಲ್ಲ.

ಸಾವಿನ ಫೋಟೊದ ನಂತರ ಇನ್ನೊಂದು ಕೆಲಸವಿರುತ್ತಿತ್ತು. ಸತ್ತವರು ಬದುಕಿದ್ದಾಗಿನ ಫೋಟೊ ಇಲ್ಲದ ಮನೆಯವರು ಸ್ಟುಡಿಯೊಗೆ ಬಂದು, 'ಕಣ್ ಬುಡ್ಸಿಕೊಡಿ ಸಾ' ಅನ್ನುತ್ತಿದ್ದರು. ಅಂದರೆ, ಹೆಣದ ಫೋಟೊದಲ್ಲಿರುವ ಮುಖಕ್ಕೆ ಕಂಪ್ಯೂಟರಿನಲ್ಲಿ ತೆರೆದ ಕಣ್ಣು ಕೂರಿಸಿ, ಗದ್ದದ ಬಟ್ಟೆ ಅಳಿಸಿ, ಒಂದು ಒಳ್ಳೆಯ ಅಂಗಿ ತೊಡಿಸಿ, ಗೋಡೆಗೆ ಹಾಕುವಂತೆ ಮಾಡಿಕೊಡುವುದು. ಕಣ್ಣನ್ನು ಸಾಮಾನ್ಯವಾಗಿ ತಮ್ಮನ ಮುಖದಿಂದಲೋ ದೊಡ್ಡ ಮಗನ ಮುಖದಿಂದಲೋ ತೆಗೆದುಕೊಳ್ಳುತ್ತಿದ್ದೆ. ಅವರೂ ಇಲ್ಲದಿದ್ದರೆ ನನ್ನ ಕಂಪ್ಯೂಟರಿನಲ್ಲಿ 'ಕಣ್ಣು' ಎಂಬ ಒಂದು ಫೋಲ್ಡರ್ ಇತ್ತು. ಮದುವೆ ಗಂಡುಗಳು, ಮೇಷ್ಟರು, ಅರ್ಜಿಗೆ ಅಂಟಿಸಲು ಫೋಟೊ ತೆಗೆಸಿಕೊಂಡು ಹೋದವರು, ಎಲ್ಲರ ಕಣ್ಣೂ ಅಲ್ಲಿದ್ದವು. ಕೊಟ್ಟವರಿಗೆ ಗೊತ್ತಿರಲಿಲ್ಲ.

ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಗುಟ್ಟೆಲ್ಲ ಇರುವುದು ಕಣ್ಣುಗುಡ್ಡೆಯಲ್ಲಿ ಮಿನುಗುವ ಬೆಳಕಿನ ಚುಕ್ಕಿಯಲ್ಲಿ. ಮೂಗಿನ ನೆರಳು ಎಡಕ್ಕೆ ಬಿದ್ದಿದ್ದರೆ ಚುಕ್ಕಿ ಬಲಕ್ಕಿರಬೇಕು. ಅದು ತಪ್ಪಿದರೆ ನೋಡುವವರಿಗೆ ಯಾಕೆಂದು ತಿಳಿಯದೆಯೇ ಇರುಸುಮುರುಸಾಗುತ್ತದೆ. ನನ್ನದು ಒಂದು ಸಲವೂ ತಪ್ಪುತ್ತಿರಲಿಲ್ಲ. ಮೊದಮೊದಲು ಹೆದರಿ ಹೆದರಿ ಮಾಡುತ್ತಿದ್ದವನಿಗೆ ಎರಡು ವರ್ಷದಲ್ಲಿ ಚೆನ್ನಾಗಿಯೇ ಕೊಬ್ಬು ಬಂದಿತ್ತು.

ಆಗ ಬಂದವಳು ಆ ಹೆಂಗಸು. ಹನೂರಿನಿಂದ ಒಡೆಯರಪಾಳ್ಯಕ್ಕೆ ಹೋಗುವ ರಸ್ತೆಯ ಮೇಲಿನ ಒಂದು ಸಣ್ಣ ಊರಿನವಳು, ನಲವತ್ತರ ಹತ್ತಿರದ ವಯಸ್ಸು. ಗಂಡ ಸತ್ತು ಆರು ದಿನವಾಗಿತ್ತು. ಸಾವಿನ ಫೋಟೊ ತೆಗೆದವರು ನಾವೇ. ಮಕ್ಕಳಿಲ್ಲ, ಸತ್ತವನಿಗೆ ಅಣ್ಣತಮ್ಮಂದಿರೂ ಇಲ್ಲ. ವೋಟಿನ ಕಾರ್ಡಿನಲ್ಲಿ ಮುಖವಿರಬೇಕಾದ ಕಡೆ ಮಸಿ ಮೆತ್ತಿದ ಹಾಗಿತ್ತು. ಹನ್ನೊಂದನೆಯ ದಿನ ಎಡೆ ಇಡುವಾಗ ಮುಂದೆ ಇಟ್ಟುಕೊಳ್ಳಲು ಫೋಟೊ ಬೇಕಿತ್ತು.

ಅವಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಫೋಲ್ಡರ್ ತೆಗೆದೆ. ಒಂದೊಂದು ಜೋಡಿ ಕಣ್ಣನ್ನೂ ಮುಖದ ಮೇಲಿಟ್ಟು ತೋರಿಸಿದೆ.

'ಇವಲ್ಲ ಸಾ.'

'ಇವು?'

'ಊ ಊಂ. ಇವು ಜಗಳಗಂಟನ್ ಕಣ್ಣು.'

ಹಾಗಾದರೆ ಹೇಗಿದ್ದವು ಹೇಳಮ್ಮ ಎಂದೆ. ಅವಳು ಪರದೆಯನ್ನು ಬಿಟ್ಟು ಬಾಗಿಲ ಕಡೆ ನೋಡುತ್ತಾ ಹೇಳಿದಳು.

'ಏನೋ ಕೇಳಕ್ಕೆ ಅಂತ ನನ್ ಕಡೆ ನೋಡೋರು ಸಾ. ಆಮೇಕೆ, ಬುಡು ಅತ್ಲಾಗೆ ಅಂತ ಸುಮ್ನಾಗೋರು. ಅಂಗಿರೋವು.'

ಒಂದು ಜೋಡಿ ಕಣ್ಣನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ, ಸಿನಿಮಾದ ನಿರ್ದೇಶಕರಲ್ಲೂ ಕಂಡಿಲ್ಲ. ಆವತ್ತು ಮಾತ್ರ ಬಂದದ್ದು ಸಿಟ್ಟು. 'ಬುಡು ಅತ್ಲಾಗೆ' ಅನ್ನುವ ಕಣ್ಣನ್ನು ನಾನು ಎಲ್ಲಿಂದ ತರಲಿ? ನಲವತ್ತು ಜೋಡಿ ತೋರಿಸಿ ಸಾಕಾಗಿ, ಹತ್ತನೇ ದಿನ ಬಾರಮ್ಮ, ಮಾಡಿಟ್ಟಿರುತ್ತೇನೆ ಎಂದು ಕಳಿಸಿದೆ.

ಮದುವೆಯ ದಿನಗಳು, ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಒಂಬತ್ತನೆಯ ದಿನ ಸಂಜೆ ಅವಳ ಕೆಲಸ ನೆನಪಾಯಿತು. ಮತ್ತೆ ಹುಡುಕುವ ತಾಳ್ಮೆ ಯಾರಿಗಿತ್ತು? ಸ್ಟುಡಿಯೊ ಬಾಗಿಲಲ್ಲಿ ಬೆಳಕು ಸರಿಯಾದ ಕಡೆಯಿಂದ ಬೀಳುವಂತೆ ನಿಂತು, ಕ್ಯಾಮೆರಾ ನನ್ನ ಕಡೆಗೇ ತಿರುಗಿಸಿಕೊಂಡು ಒತ್ತಿದೆ. ನನ್ನ ಕಣ್ಣನ್ನೇ ಕತ್ತರಿಸಿ ಅವಳ ಗಂಡನ ಮುಖಕ್ಕೆ ಇಟ್ಟೆ. ಚುಕ್ಕಿ, ನೆರಳು, ಎಲ್ಲ ಅಚ್ಚುಕಟ್ಟಾಗಿ ಕೂತವು. ಯಜಮಾನರು ಕೂಡ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಭೇಷ್ ಎಂದರು.

ಮಾರನೆಯ ದಿನ ಅವಳು ಬಂದಳು. ಕಟ್ಟು ಹಾಕಿಸಿದ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

'ಚೆಂದಾಗದೆ ಸಾ,' ಎಂದಳು. ಆಮೇಲೆ, 'ಇವ್ರು ಯಾರು?' ಎಂದು ಕೇಳಿದಳು.

ನಾನು ತಲೆ ತಗ್ಗಿಸಿದೆ. ಅದೇ ಕಣ್ಣು ನನ್ನ ಮುಖದ ಮೇಲೇ ಇದ್ದವಲ್ಲ, ಬಚ್ಚಿಡಲು ಬೇರೆ ಜಾಗವಿರಲಿಲ್ಲ. ನೆಲ ನೋಡುತ್ತಲೇ, ಎರಡು ದಿನ ಕೊಡಮ್ಮ, ಬೇರೆ ಮಾಡಿಕೊಡುತ್ತೇನೆ ಎಂದೆ.

'ನಾಳೀಕೆ ಎಡೆ ಇಕ್ಬೇಕು. ಬುಡಿ ಸಾ. ಬಂದೋರ್ಗೆ ಏನೂ ಗೊತ್ತಾಗಕಿಲ್ಲ. ನಂಗೊಬ್ಳಿಗೆ ತಾನೆ.'

ಫೋಟೊವನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ಅದಾದ ವಾರಕ್ಕೆ ಯಳಂದೂರಿನಲ್ಲಿ ಒಂದು ಮದುವೆ. ಮದುಮಗಳು ಒಳ್ಳೆಯ ಹುಡುಗಿ, ಹೇಳಿದ ಕೂಡಲೇ ಕ್ಯಾಮೆರಾವನ್ನು ನೇರ ನೋಡುತ್ತಿದ್ದಳು. ಅವಳು ನೋಡಿದಾಗಲೆಲ್ಲ ನನ್ನ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಆಲ್ಬಮ್ ನೋಡಿದ ಯಜಮಾನರು ಇಡೀ ಬೀದಿಗೆ ಕೇಳುವಂತೆ ಕೂಗಾಡಿದರು. 'ಮೊಕ ತಗೀಲಾ ಅಂದ್ರೆ ಜಡೆ ತಗ್ದಿದೀಯಲ್ಲ! ಗಂಡ ಜಡೆ ನೋಡ್ಕಂಡು ಸಂಸಾರ ಮಾಡಾನಾ?' ಎದುರು ಅಂಗಡಿಯವನು ನಕ್ಕ. ಆ ವರ್ಷವೇ ಊರು ಬಿಟ್ಟು ಸಿನಿಮಾದವರ ಜೊತೆ ಲೈಟು ಹೊರಲು ಸೇರಿಕೊಂಡೆ.

ಉಳಿದದ್ದನ್ನು ಜನ ಶೈಲಿ ಅನ್ನುತ್ತಾರೆ. ಒಬ್ಬ ಕ್ಯಾಮೆರಾಮನ್ನನಿಗೆ ಇಷ್ಟವಾದದ್ದೆಲ್ಲ ಸೇರಿ ಅವನ ಶೈಲಿ ಆಗುತ್ತದಂತೆ. ನನ್ನದು ನನ್ನಿಂದಾಗದ ಒಂದೇ ಒಂದು ಕೆಲಸದಿಂದ ಹುಟ್ಟಿದ್ದು. ಕಣ್ಣನ್ನು ತಪ್ಪಿಸಬೇಕಾಗಿತ್ತು, ಅದಕ್ಕೆ ಬೆನ್ನನ್ನು ಕಲಿತೆ. ಕೈಬೆರಳು, ಕುತ್ತಿಗೆಯ ನರ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ, ಇವುಗಳ ಮೇಲೆ ಬೆಳಕು ಬಿಡುವುದನ್ನು ಕಲಿತೆ. ಇಪ್ಪತ್ತು ವರ್ಷ ಅದನ್ನೇ ಮಾಡಿದರೆ ಕೈ ಪಳಗದೆ ಇರುತ್ತದೆಯೇ? ಕೆಲಸದಲ್ಲಿ ಹತ್ತಿದ್ದು ಮನೆಗೂ ಹತ್ತಿತು. 'ನೀವು ಮಾತಾಡುವಾಗ ನನ್ನ ಮುಖ ನೋಡಿದ್ದು ಯಾವತ್ತು ಹೇಳಿ' ಎಂದು ಹೆಂಡತಿ ಒಂದು ದಿನ ಕೇಳಿದಳು. ಆಗಲೂ ನಾನು ಟೇಬಲ್ಲಿನ ಮೇಲಿನ ಲೋಟ ನೋಡುತ್ತಿದ್ದೆ. ಅವಳು ಈಗ ತನ್ನ ಊರಿನಲ್ಲಿದ್ದಾಳೆ. ಒಂಟಿತನ ರೂಢಿಯಾಗುತ್ತದೆ ಎನ್ನುತ್ತಾರೆ, ನನಗಿನ್ನೂ ಆಗಿಲ್ಲ.

ಈ ವರ್ಷ ಒಪ್ಪಿಕೊಂಡ ಸಿನಿಮಾದ ಕೊನೆಯ ಶಾಟ್‌ನಲ್ಲಿ ಒಬ್ಬ ಮುದುಕಿ ಒಂದು ನಿಮಿಷ ಕ್ಯಾಮೆರಾವನ್ನೇ ನೋಡಬೇಕು. ಬೆನ್ನಿನಿಂದ ತೆಗೆಯೋಣ ಎಂದೆ. ನಿರ್ದೇಶಕ ವಯಸ್ಸಿನಲ್ಲಿ ಚಿಕ್ಕವನು, ಆದರೂ ಜಗ್ಗಲಿಲ್ಲ. 'ಸರ್, ಇದೊಂದನ್ನು ನಿಮ್ಮ ಶೈಲಿಗೆ ಬಿಡಲ್ಲ. ಆಗಲ್ಲ ಅಂದರೆ ಈಗಲೇ ಹೇಳಿ, ಬೇರೆಯವರನ್ನು ನೋಡ್ತೀನಿ' ಎಂದ. ತಿಂಗಳ ಕೊನೆಯೊಳಗೆ ಹೇಳುತ್ತೇನೆ ಎಂದೆ. ಹನೂರಿನ ಕಡೆ ಶೂಟಿಂಗಿಗೆ ಜಾಗ ನೋಡಲು ಒಬ್ಬನೇ ಹೋದವನು ಒಡೆಯರಪಾಳ್ಯದ ರಸ್ತೆಯಲ್ಲಿ ಕಾರು ನಿಲ್ಲಿಸಿ, 'ಇವ್ರು ಯಾರು?' ಎಂದು ಕೇಳಿದ್ದ ಆ ಹೆಂಗಸಿನ ಮನೆ ವಿಚಾರಿಸಿದೆ.

ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಒಳಗೆ ಗೋಡೆಯ ಮೇಲೆ ಫೋಟೊ ಇತ್ತು, ಪ್ಲಾಸ್ಟಿಕ್ ಹಾರ, ಹಣೆಯ ಜಾಗದಲ್ಲಿ ಕುಂಕುಮ. ನನ್ನ ಇಪ್ಪತ್ತನಾಲ್ಕರ ಕಣ್ಣು ಅಲ್ಲಿಂದ ನನ್ನನ್ನು ನೋಡುತ್ತಿದ್ದವು.

'ಅವ್ವ, ಕೊಳ್ಳೇಗಾಲದ ಸ್ಟುಡಿಯೊದಲ್ಲಿ ಈ ಫೋಟೊ ಮಾಡ್ದೋನು ನಾನೇ. ಆ ಕಣ್ಣು ನನ್ನವು,' ಎಂದೆ. ಆಗಲೂ ನೆಲ ನೋಡುತ್ತಲೇ ಹೇಳಿದೆ.

'ಗೊತ್ತು ಕಣಪ್ಪ. ಅವತ್ತೇ ಗೊತ್ತಾಯ್ತು. ನೀನ್ ತಲೆ ಬಗ್ಗುಸ್ಕಂಡ್ಯಲ್ಲ.'

ಲ್ಯಾಪ್‌ಟಾಪ್ ಜೊತೆಗೇ ತಂದಿದ್ದೇನೆ, ಈಗಿನ ಮಿಷಿನ್ನುಗಳು ಏನು ಬೇಕಾದರೂ ಮಾಡುತ್ತವೆ, ನೀವು ಹೇಳಿ, ಎಷ್ಟು ದಿನವಾದರೂ ಕೂತು ಅವರ ಕಣ್ಣನ್ನೇ ಮಾಡಿಕೊಡುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಅವರೆಕಾಯಿಯ ಮೊರ ಕೆಳಗಿಟ್ಟಳು. ಹಿಂದೆ ಸ್ಟುಡಿಯೊದಲ್ಲಿ ನೋಡಿದ ಹಾಗೆಯೇ ಬಾಗಿಲ ಕಡೆ ನೋಡಿದಳು. ನಾನು ಕಾದೆ.

'ಬತ್ತಾ ಇಲ್ಲ ಕಣಪ್ಪ,' ಎಂದಳು. 'ಮೊದ್ಮೊದ್ಲು ಅದ್ನ ನೋಡ್ದೆ ಒರಗಡೆ ಕೂತು ನೆನುಸ್ಕತಿದ್ದೆ. ಎಷ್ಟ್ ದಿನ ಅಂತ? ದಿನಾ ಬೆಳಗಾದ್ರೆ ಎದುರ್ಗೆ ಅದೇ ಇರೋದು. ಈಗ ಅವ್ರನ್ನ ನೆನುಸ್ಕಂಡ್ರೆ ನಿನ್ ಕಣ್ಣೇ ಬತ್ತವೆ.'

ನನಗೆ ಅಳು ಬಂತು. ಆ ಮನುಷ್ಯನ ನೋಟವನ್ನು ಈ ಭೂಮಿಯ ಮೇಲೆ ನೆನಪಿಟ್ಟುಕೊಂಡಿದ್ದವಳು ಇವಳೊಬ್ಬಳು. ಅವಳ ತಲೆಯೊಳಗಿಂದಲೂ ನಾನು ಅದನ್ನು ಅಳಿಸಿಹಾಕಿದ್ದೆ. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

'ಬುಡು ಅತ್ಲಾಗೆ,' ಎಂದಳು. ನೀರು ತಂದು ಕೊಟ್ಟಳು. ಹೆಗಲಿಗೆ ನೇತುಹಾಕಿದ್ದ ಕ್ಯಾಮೆರಾ ಕಂಡು, 'ಈಗ್ಲೂ ಫೋಟೊ ತಗೀತಿಯಾ?' ಎಂದು ಕೇಳಿದಳು.

'ತಗೀತೀನವ್ವ.'

'ನಂದೊಂದು ತಗಿ ಮತ್ತೆ. ನಂಗೂ ಯಾರಿಲ್ಲ. ಕಣ್ ಬುಟ್ಕಂಡಿರುವಾಗ್ಲೇ ತಗ್ದುಬುಡು.'

ಸೆರಗು ಸರಿಮಾಡಿಕೊಂಡು ಜಗುಲಿಯ ಮೇಲೆ ಕೂತು ನನ್ನನ್ನೇ ನೋಡಿದಳು. ಬೆಳಕು ಸರಿಯಿರಲಿಲ್ಲ, ಸೂರಿನ ನೆರಳು ಹುಬ್ಬಿನ ಮೇಲೆ ಬಿದ್ದು ಕಣ್ಣು ಮುಚ್ಚುತ್ತಿತ್ತು. ಆ ನೆರಳಿನಲ್ಲಿ ತೆಗೆದಿದ್ದರೆ ಜನ ಮತ್ತೆ ನನ್ನ ಶೈಲಿ ಎನ್ನುತ್ತಿದ್ದರು. ವಸಿ ಈ ಕಡೆ ತಿರುಗವ್ವ ಎಂದು ಹೇಳಬಹುದಿತ್ತು, ಬದುಕಿದ್ದವಳು, ಹೇಳಿದ್ದರೆ ತಿರುಗುತ್ತಿದ್ದಳು. ಹೇಳಲಿಲ್ಲ. ನಾನೇ ಎದ್ದು ಅಂಗಳಕ್ಕಿಳಿದೆ, ಅವಳ ಎದುರಿಗೆ ಮಣ್ಣಿನಲ್ಲಿ ಮಂಡಿಯೂರಿದೆ, ತಲೆ ಎತ್ತಿದೆ.